ನಮ್ಮ ಕ್ಯಾಂಪಸ್‌ನ ಕೌನ್ಸೆಲಿಂಗ್ ಸೆಂಟರ್: ಒಳಗೆ ಚೆನ್ನಾಗಿದೆ, ತೊಂದರೆ ಇರೋದು ಬಾಗಿಲಲ್ಲಿ

ಮೊದಲೇ ಹೇಳಿಬಿಡುತ್ತೇನೆ, ವಿಶ್ವವಿದ್ಯಾಲಯದ ಹೆಸರು ಬರೆಯುವುದಿಲ್ಲ. ಬರೆದರೆ ಒಳಗಿರುವ ಒಬ್ಬರೇ ಒಬ್ಬ ಮೇಡಂಗೆ ತೊಂದರೆ. ಅವರಿಂದ ನನಗೆ ಉಪಕಾರವೇ ಆಗಿದೆ. ಗುರುತು ಹಿಡಿಯುವವರು ಹೇಗೂ ಹಿಡಿಯುತ್ತಾರೆ. ಅಲ್ಲಿನ ಪೆನ್ನು ನೋಡಿದವರು ಮರೆಯೋದಿಲ್ಲ.

ನಾನು ಪ್ರಾಣಿಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನಾಲ್ಕನೇ ವರ್ಷ. ವಿಷಯ ಉಣುಗು. ನಮ್ಮ ಬಯಲುಸೀಮೆ ಕಡೆ ಉಣ್ಣೆ ಅಂತೀವಿ. ದನದ ಕಿವಿ ಸಂದಿಯಲ್ಲಿ ಬೂದು ಕಾಳಿನ ಥರ ಊದಿಕೊಂಡು ಕೂತಿರುತ್ತಲ್ಲ, ಅದೇ. ಮಲೆನಾಡಿಗೆ ಬಂದಮೇಲೆ ಉಣುಗು ಅನ್ನೋದೇ ಬಾಯಿಗೆ ಹತ್ತಿತು. ಫೆಬ್ರವರಿಯಿಂದ ಜುಲೈವರೆಗೆ ಒಟ್ಟು ಒಂಬತ್ತು ಸಲ ಕ್ಯಾಂಪಸ್‌ನ ಆಪ್ತಸಮಾಲೋಚನಾ ಕೇಂದ್ರಕ್ಕೆ ಹೋಗಿದ್ದೇನೆ. ಎಲ್ಲರೂ ಕೌನ್ಸೆಲಿಂಗ್ ಸೆಂಟರ್ ಅಂತಾರೆ, ನಾನೂ ಹಾಗೇ ಬರೆಯುತ್ತೇನೆ. ಹೋಟೆಲಿಗೆ, ಮಿಕ್ಸಿಗೆ, ಸ್ಲೀಪರ್ ಬಸ್ಸಿಗೆ ವಿಮರ್ಶೆ ಬರೆಯುತ್ತೇವೆ. ಇದಕ್ಕೆ ಯಾರಾದರೂ ಬರೆದಿದ್ದಾರಾ ಅಂತ ಹೋಗೋ ಮುಂಚೆ ಹುಡುಕಿದ್ದೆ. ಒಂದೂ ಸಿಗಲಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಮೇಡಂಗೆ ಮಾತ್ರ ಅಂದರೆ ಐದು. ಉಳಿದದ್ದಕ್ಕೆ ಕೊಟ್ಟಿದ್ದೇ ಜಾಸ್ತಿ.

ನಾನು ಯಾಕೆ ಹೋದೆ ಅನ್ನೋದು ತಿಳಿಯಬೇಕಾದರೆ ನನ್ನ ಕೆಲಸ ಏನು ಅಂತ ಸ್ವಲ್ಪ ಹೇಳಬೇಕು. ಮಂಗನ ಕಾಯಿಲೆ ಅಂತ ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಹಿಂದೆಯೇ ಜನರಿಗೂ ಜ್ವರ ಬಂತು. ಮೊದಲು ಹಳದಿ ಜ್ವರ ಇರಬಹುದು ಅಂತ ಗಾಬರಿಯಾಗಿದ್ದರಂತೆ. ನೋಡಿದರೆ ಹೊಸ ವೈರಸ್. ಆ ಊರಿನ ಹೆಸರೇ ಕಾಯಿಲೆಗೆ ಬಂತು. ಮಂಗನ ಕಾಯಿಲೆ ಅನ್ನೋ ಹೆಸರಿನಿಂದ ಪಾಪ ಮಂಗಕ್ಕೆ ಕೆಟ್ಟ ಹೆಸರು, ಅಷ್ಟೇ. ಮಂಗವೂ ನಮ್ಮ ಹಾಗೇ ಕಚ್ಚಿಸಿಕೊಂಡು ಸಾಯುತ್ತದೆ. ಹರಡೋದು ಉಣುಗು. ಅದರಲ್ಲೂ ಅದರ ಮರಿ, ನಾವು ನಿಂಫ್ ಅಂತೀವಿ. ರಾಗಿ ಕಾಳಿನಷ್ಟೂ ಇರುವುದಿಲ್ಲ. ಮೊಟ್ಟೆಯಿಂದ ಬಂದಾಗ ಆರು ಕಾಲು, ಒಂದು ಸಲ ರಕ್ತ ಕುಡಿದು ಪೊರೆ ಬಿಟ್ಟಮೇಲೆ ಎಂಟು ಕಾಲು. ಆ ಎಂಟು ಕಾಲಿನ ಮರಿಯೇ ಜನವರಿಯಿಂದ ಬೇಸಿಗೆವರೆಗೆ ಒಣಗಿದ ಎಲೆ ಮೇಲೆ ಕಾದುಕೊಂಡು ಕೂತಿರುತ್ತದೆ. ಮಳೆಗಾಲದಲ್ಲಿ ದೊಡ್ಡ ಉಣುಗಿಗೆ ಅನ್ನ ಹಾಕೋದು ದನ. ದನಕ್ಕೆ ಈ ಕಾಯಿಲೆಯಿಂದ ಏನೂ ಆಗೋದಿಲ್ಲ, ಆದರೆ ಉಣುಗಿನ ಸಂಸಾರ ಬೆಳೆಯುತ್ತದೆ.

ನನ್ನ ಕೆಲಸ ಅಂದರೆ ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ದರಗಿನ (ಉದುರಿದ ಒಣ ಎಲೆ) ಮೇಲೆ ಎಳೆದುಕೊಂಡು ಹೋಗೋದು. ಹತ್ತು ಮೀಟರ್‌ಗೊಮ್ಮೆ ನಿಂತು ಬಟ್ಟೆ ತಿರುಗಿಸಿ ನೋಡಬೇಕು. ಹಿಡಿದುಕೊಂಡಿರುವ ಉಣುಗನ್ನು ಚಿಮಟದಲ್ಲಿ ಎತ್ತಿ ಸೀಸೆಗೆ ಹಾಕಿ ಐಸ್ ಡಬ್ಬಿಯಲ್ಲಿಡಬೇಕು. ಲ್ಯಾಬಿಗೆ ಬಂದು ಸೂಕ್ಷ್ಮದರ್ಶಕದ ಕೆಳಗೆ ಜಾತಿ ಬೇರೆ, ಮರಿ ಬೇರೆ, ದೊಡ್ಡದು ಬೇರೆ ಅಂತ ವಿಂಗಡಿಸಿ, ಗುಂಪು ಕಟ್ಟಿ ವೈರಸ್ ಪರೀಕ್ಷೆಗೆ ಕಳಿಸಬೇಕು. ಕಾಡಿಗೆ ಹೋಗುವಾಗ ಉಣುಗು ಹತ್ತದಿರಲಿ ಅಂತ ಡೇಪಾ ಎಣ್ಣೆ ಹಚ್ಚಿಕೊಳ್ಳುತ್ತೇವೆ, ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕುತ್ತೇವೆ. ಆದರೂ ಒಂದೊಂದು ಹತ್ತುತ್ತದೆ.

ನಾನು ಬಟ್ಟೆ ಎಳೆಯುವ ಒಂದು ಸೊಪ್ಪಿನ ಬೆಟ್ಟದ (ಊರಿನವರು ಸೊಪ್ಪು, ದರಗು ತರುವ ಕಾಡು) ಪಕ್ಕದಲ್ಲಿ ಒಬ್ಬರು ಅಜ್ಜ ಇದ್ದರು. ಮೊದಲ ದಿನ ನನ್ನನ್ನು ನೋಡಿ, "ಎಂತ ಮಾರಾಯ್ತಿ, ಬಿಳಿ ಬಟ್ಟೆ ನೆಲಕ್ಕೆ ಎಳ್ಕೊಂಡು ಹೋಗ್ತಾ ಇದ್ದೀಯಲ, ತೊಳೆಯೋದು ಯಾರು?" ಅಂದಿದ್ದರು. ಆಮೇಲೆ ಹೋದಾಗೆಲ್ಲ ಅಜ್ಜಿ ಮಾಡಿದ ಕಷಾಯ, ಜೊತೆಗೆ ಇದೇ ಪ್ರಶ್ನೆ. ಕೊಟ್ಟಿಗೆಗೆ ದರಗು ಅವರೇ ಗುಡಿಸಿ ಹೊತ್ತು ತರುತ್ತಿದ್ದರು. ಜನವರಿಯಲ್ಲಿ ಅವರಿಗೆ ಜ್ವರ ಬಂತು. ಅಜ್ಜ ಉಳಿಯಲಿಲ್ಲ. ಅದೇ ಬೆಟ್ಟದಿಂದ ನಾನು ಎತ್ತಿದ ಉಣುಗಿನಲ್ಲಿ ವೈರಸ್ ಇದೆ ಅನ್ನೋ ರಿಪೋರ್ಟ್ ನನ್ನ ಮೇಲ್‌ಗೆ ಬಂದಾಗ ಅವರು ತೀರಿಹೋಗಿ ಮೂರು ದಿನವಾಗಿತ್ತು.

ಆಮೇಲೆ ನಾನು ಸರಿ ಇರಲಿಲ್ಲ. ಅಳು ಗಿಳು ಏನೂ ಇಲ್ಲ. ಮೈ ನೋಡಿಕೊಳ್ಳೋದು ಶುರುವಾಯಿತು. ರಾತ್ರಿ ಮೊಬೈಲ್ ಟಾರ್ಚ್ ಹಾಕಿಕೊಂಡು ಮೊಣಕಾಲ ಹಿಂದೆ, ಕಂಕುಳು, ಕಿವಿ ಹಿಂದೆ. ಮಲಗೋದು, ಎಲ್ಲೋ ತುರಿಸೋದು, ಮತ್ತೆ ಎದ್ದು ದೀಪ ಹಾಕೋದು. ಒಂದು ರಾತ್ರಿ ಎಷ್ಟು ಸಲ ಎದ್ದೆ ಅಂತ ರೂಮ್‌ಮೇಟ್ ಎಣಿಸಿದಳು, ಹನ್ನೊಂದು. ಕಚ್ಚಿದರೆ ಜ್ವರ ಬರೋಕೆ ಮೂರರಿಂದ ಎಂಟು ದಿನ. ಹಾಗಾಗಿ ನನ್ನ ಕ್ಯಾಲೆಂಡರ್ ತುಂಬ ಎಂಟೆಂಟು ದಿನದ ಗೆರೆಗಳು. ಒಂದು ಮುಗಿಯೋ ಮುಂಚೆ ಇನ್ನೊಂದು. ಥರ್ಮಾಮೀಟರ್ ದಿಂಬಿನ ಕೆಳಗೆ. ಲ್ಯಾಬಿನಲ್ಲಿ ಎಣಿಸಿದ್ದನ್ನೇ ಮತ್ತೆ ಎಣಿಸುತ್ತಿದ್ದೆ. ಗೈಡ್ ಹತ್ತಿರ ಹೇಳಿದ್ದಕ್ಕೆ, "ನಮ್ಮ ಕಾಲದಲ್ಲಿ ಇವೆಲ್ಲ ಇರಲಿಲ್ಲ" ಅಂದರು. ಉಣುಗು ಇರಲಿಲ್ಲವಾ, ಭಯ ಇರಲಿಲ್ಲವಾ ಅಂತ ಕೇಳೋಕೆ ಧೈರ್ಯ ಬರಲಿಲ್ಲ.

ಮೊದಲು ಫೋನ್ ಮಾಡಿದ್ದು ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿಗೆ. 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು, ಇಡೀ ದೇಶಕ್ಕೆ ನಮ್ಮ ಬೆಂಗಳೂರಿನ ನಿಮ್ಹಾನ್ಸೇ ಮುಖ್ಯ ಕೇಂದ್ರ. ದುಡ್ಡಿಲ್ಲ, ದಿನದ 24 ಗಂಟೆಯೂ ಇದೆ, ಭಾಷೆ ಆರಿಸಿಕೊಳ್ಳಬಹುದು. ರಾತ್ರಿ ಹನ್ನೊಂದೂವರೆಗೆ ಮಾಡಿದೆ. ಆ ಕಡೆಯಿಂದ ಕನ್ನಡದಲ್ಲೇ ಒಬ್ಬರು ಹೆಣ್ಣುಮಗಳು ಮಾತಾಡಿದರು. ನಾನು ಹತ್ತು ನಿಮಿಷ ಸುಮ್ನೆ ಉಣುಗಿನ ಜೀವನಚಕ್ರ ಹೇಳಿದೆ, ಸೆಮಿನಾರ್ ಕೊಟ್ಟ ಹಾಗೆ. ಅವರು ಕೇಳಿಸಿಕೊಂಡರು. ಕೊನೆಗೆ, "ನೀವು ಇರೋ ಕಡೆಯೇ ಯಾರಾದರೂ ಇದ್ದರೆ ಒಂದು ಸಲ ಎದುರು ಕೂತು ಮಾತಾಡಿ, ಇದು ಒಂದು ಫೋನಿನಲ್ಲಿ ಮುಗಿಯೋದಲ್ಲ" ಅಂದರು. ಆವತ್ತು ರಾತ್ರಿ ಮೂರು ಸಲ ಮಾತ್ರ ಎದ್ದೆ. ಕ್ಯಾಂಪಸ್‌ನಲ್ಲಿ ಇಂಥದ್ದೊಂದು ಸೆಂಟರ್ ಇದೆ ಅನ್ನೋದು ನೆನಪಾಗಿದ್ದೇ ಆಮೇಲೆ.

ಈಗ ಸೆಂಟರ್ ವಿಷಯಕ್ಕೆ ಬರೋಣ. ಆಡಳಿತ ಕಟ್ಟಡದ ನೆಲಮಹಡಿ, ಪರೀಕ್ಷಾ ವಿಭಾಗದ ಎದುರು. ಅಂಕಪಟ್ಟಿ ತಿದ್ದಿಸೋಕೆ, ಮರುಮೌಲ್ಯಮಾಪನಕ್ಕೆ ಅಂತ ಇಡೀ ಕ್ಯಾಂಪಸ್ ಸಾಲು ನಿಲ್ಲುವ ಜಾಗ. ಆ ಸಾಲಿಗೆ ಮುಖ ಮಾಡಿ ಒಂದು ಬೆಂಚು. ಬೆಂಚಿನಲ್ಲಿ ಕೂತವರು ಯಾಕೆ ಕೂತಿದ್ದಾರೆ ಅಂತ ಎಲ್ಲರಿಗೂ ಗೊತ್ತು. ನನ್ನ ಜೂನಿಯರ್ ಒಬ್ಬ ಸಾಲಿನಿಂದಲೇ ಕೈ ಬೀಸಿ, "ಅಕ್ಕಾ, ನಿಮ್ಮದೂ ಮಾರ್ಕ್ಸ್ ಕಾರ್ಡ್ ತಪ್ಪಾಗಿದ್ಯಾ?" ಅಂದ. ಹೌದು ಅಂದೆ.

ಬೆಂಚಿನ ಪಕ್ಕ ಟೇಬಲ್. ಟೇಬಲ್ ಮೇಲೆ ರಿಜಿಸ್ಟರ್. ಅದಕ್ಕೊಂದು ಪೆನ್ನು, ಪೆನ್ನಿಗೆ ಬಿಳಿ ದಾರ, ದಾರದ ಇನ್ನೊಂದು ತುದಿ ಟೇಬಲ್ ಕಾಲಿಗೆ. ಪೆನ್ನು ಬರೆಯೋದಿಲ್ಲ. ರಿಜಿಸ್ಟರ್‌ನಲ್ಲಿ ಹೆಸರು, ವಿಭಾಗ, ಮೊಬೈಲ್ ನಂಬರ್, ಕೊನೆಯಲ್ಲಿ "ಭೇಟಿಯ ಉದ್ದೇಶ" ಅಂತ ಒಂದು ಕಾಲಂ. ನನ್ನ ಮೇಲಿನ ಸಾಲಿನಲ್ಲಿ ಒಬ್ಬರು ಅದರಲ್ಲಿ "ವೈಯಕ್ತಿಕ" ಅಂತ ಬರೆದಿದ್ದರು. ಅದರ ಮೇಲಿನವರು ಪೂರ್ತಿ ಬರೆದಿದ್ದರು. ನಾನು ಓದಬಾರದಿತ್ತು, ಓದಿದೆ. ಆ ಹುಡುಗಿ ನಮ್ಮ ಹಾಸ್ಟೆಲಿನವಳು. ಆಮೇಲೆ ಮೆಸ್ಸಿನಲ್ಲಿ ಅವಳು ಎದುರಿಗೆ ಬಂದಾಗಲೆಲ್ಲ ನನಗೆ ಮುಜುಗರ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಗೋಪ್ಯತೆ ಒಂದು ಹಕ್ಕು ಅಂತಲೇ ಬರೆದಿದ್ದಾರೆ. ಕಾಯ್ದೆ ಬೇಡ, ಪುಸ್ತಕದ ಪುಟ ಮುಚ್ಚೋಕೆ ಒಂದು ರಟ್ಟು ಇಟ್ಟರೂ ಸಾಕು. ಈ ಮಾತನ್ನು ಬರವಣಿಗೆಯಲ್ಲಿ ಕೊಟ್ಟೆ. ಮುಂದಿನ ಸಲ ಹೋದಾಗ ರಟ್ಟು ಬಂದಿರಲಿಲ್ಲ, ರಿಜಿಸ್ಟರ್‌ಗೆ ಹೊಸ ಬೈಂಡು ಹಾಕಿಸಿದ್ದರು.

ಒಳಗೆ ಹೋದಮೇಲೆ ಬೇರೆ ಲೋಕ. ಚಿಕ್ಕ ಕೋಣೆ, ಎರಡು ಬೆತ್ತದ ಕುರ್ಚಿ, ಎದುರುಬದುರು ಅಲ್ಲ, ಸ್ವಲ್ಪ ಓರೆಯಾಗಿ. ಕಿಟಕಿ ಕಡೆ ನೋಡಿಕೊಂಡು ಮಾತಾಡಬಹುದು. ಮೇಡಂಗೆ ನಲವತ್ತರ ಮೇಲೆ ವಯಸ್ಸಿರಬೇಕು. ಪಾಸಿಟಿವ್ ಆಗಿ ಯೋಚನೆ ಮಾಡಿ, ಯೋಗ ಮಾಡಿ, ದೇವರಿದ್ದಾನೆ, ಮದುವೆ ಆದರೆ ಸರಿಹೋಗುತ್ತೆ, ಇವು ನಾಲ್ಕರಲ್ಲಿ ಒಂದಾದರೂ ಬರುತ್ತದೆ ಅಂತ ಕಾದಿದ್ದೆ. ಒಂಬತ್ತು ಭೇಟಿಯಲ್ಲಿ ಒಂದೂ ಬರಲಿಲ್ಲ.

ಅವರು ಮೊದಲು ಕೇಳಿದ್ದು, "ನನಗೆ ಉಣುಗಿನ ಬಗ್ಗೆ ಏನೂ ಗೊತ್ತಿಲ್ಲ. ಹೇಳಿಕೊಡ್ತೀರಾ?" ಹೇಳಿದೆ. ಕಾಯಿಲೆ ಬಂದವರಲ್ಲಿ ಎಷ್ಟು ಜನ ಸಾಯುತ್ತಾರೆ ಅಂತ ಕೇಳಿದರು. ನೂರಕ್ಕೆ ಮೂರರಿಂದ ಐದು ಅಂದೆ. ಒಬ್ಬರಿಂದ ಒಬ್ಬರಿಗೆ ಬರುತ್ತದಾ ಅಂದರು. ಇಲ್ಲ ಅಂದೆ. ಲಸಿಕೆ ಇದೆಯಾ ಅಂದರು. ಇತ್ತು, ಅಷ್ಟು ಕೆಲಸ ಮಾಡುತ್ತಿಲ್ಲ ಅಂತ ನಿಲ್ಲಿಸಿದ್ದಾರೆ ಅಂದೆ. ಎಲ್ಲ ಬರೆದುಕೊಂಡರು. ಆಮೇಲೆ, "ಹಾಗಾದರೆ ನಿಮ್ಮ ಭಯ ಪೂರ್ತಿ ಸುಳ್ಳಲ್ಲ" ಅಂದರು. ಆ ಮಾತಿಗೆ ನನ್ನ ಹೆಗಲು ಇಳಿಯಿತು. ಅಲ್ಲಿವರೆಗೆ ಎಲ್ಲರೂ ಏನೂ ಆಗಲ್ಲ ಬಿಡು ಅಂತಲೇ ಹೇಳಿದ್ದರು. ಏನೂ ಆಗಲ್ಲ ಅಂತ ಹೇಳೋಕೆ ಅವರ್ಯಾರು, ಅಜ್ಜನಿಗೆ ಆಗಿದೆಯಲ್ಲ ಅಂತ ನನ್ನ ತಲೆ ವಾದ ಮಾಡುತ್ತಿತ್ತು.

ಅವರು ಮಾಡಿದ್ದು ಇಷ್ಟು. ಒಂದು ಹಾಳೆಯಲ್ಲಿ ಎರಡು ಮನೆ ಮಾಡಿದರು. ಒಂದರಲ್ಲಿ ಕೆಲಸಕ್ಕೆ ಬೇಕಾದ ಎಚ್ಚರ, ಇನ್ನೊಂದರಲ್ಲಿ ಭಯ ಕೇಳುವ ಎಚ್ಚರ. ಕಾಡಿನಿಂದ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕೋದು, ಸ್ನಾನದ ಹೊತ್ತಿಗೆ ತಲೆಯಿಂದ ಹಿಮ್ಮಡಿವರೆಗೆ ಒಂದು ಸಲ ನೋಡೋದು, ಇವು ಮೊದಲ ಮನೆಗೆ. ರಾತ್ರಿ ಟಾರ್ಚ್ ಹಿಡಿದು ಹನ್ನೊಂದು ಸಲ ನೋಡೋದು ಎರಡನೆಯದಕ್ಕೆ. "ಎರಡನೇ ಸಲ ನೋಡಿದಾಗ ಯಾವತ್ತಾದರೂ ಹೊಸದಾಗಿ ಉಣುಗು ಸಿಕ್ಕಿದೆಯಾ?" ಅಂತ ಕೇಳಿದರು. ಯೋಚಿಸಿದೆ. ಸಿಕ್ಕಿಲ್ಲ. "ಲೆಕ್ಕ ಇಟ್ಟುಕೊಂಡು ಬನ್ನಿ, ನೀವು ಲೆಕ್ಕ ಇಡೋದರಲ್ಲಿ ಗಟ್ಟಿ" ಅಂದರು. ಲೆಕ್ಕದ ಹುಚ್ಚು ಇರೋಳಿಗೆ ಲೆಕ್ಕವನ್ನೇ ಮದ್ದು ಮಾಡಿದರು ನೋಡಿ. ಮೈ ನೋಡಿಕೊಳ್ಳಬೇಕು ಅಂತ ಅನ್ನಿಸಿದಾಗ ಕೂಡಲೇ ಏಳದೆ ಮೊದಲ ವಾರ ಐದು ನಿಮಿಷ ತಡೆಯೋದು, ಎರಡನೇ ವಾರ ಹದಿನೈದು. ಓದೋಕೆ ಸುಲಭ. ಮಾಡುವಾಗ ಆ ಐದು ನಿಮಿಷ ಬೆವರು ಬರುತ್ತದೆ. ಬೆವರು ಬಂದರೆ ಜ್ವರ ಅಂತ ಮತ್ತೆ ಭಯ. ಮೂರನೇ ವಾರ ಕೈಬಿಟ್ಟೆ, ಬಿಟ್ಟೆ ಅಂತ ಹೇಳಿದೆ. ಬೈಯಲಿಲ್ಲ. ಹತ್ತು ನಿಮಿಷಕ್ಕೆ ಇಳಿಸಿದರು. ಏಪ್ರಿಲ್ ಹೊತ್ತಿಗೆ ಟಾರ್ಚ್ ಬ್ಯಾಗಿಗೆ ವಾಪಸ್ ಹೋಯಿತು.

ಅಜ್ಜನ ವಿಷಯ ನಾಲ್ಕನೇ ಭೇಟಿಯಲ್ಲಿ ಬಂತು. ರಿಪೋರ್ಟ್ ಬೇಗ ಬಂದಿದ್ದರೆ ಹೇಳಬಹುದಿತ್ತು, ನಾನು ಇನ್ನೂ ಬೇಗ ವಿಂಗಡಿಸಬಹುದಿತ್ತು ಅಂತ ಒಂದೇ ಉಸಿರಿಗೆ ಹೇಳಿದೆ. ನಿಮ್ಮ ತಪ್ಪಿಲ್ಲ ಅಂತ ಅವರು ಹೇಳಲಿಲ್ಲ. ಹಾಳೆ ತಿರುಗಿಸಿ ಉದ್ದಕ್ಕೆ ಒಂದು ಗೆರೆ ಎಳೆದರು. ಉಣುಗು ಎತ್ತಿದ್ದು ಯಾವತ್ತು, ಅಜ್ಜನಿಗೆ ಜ್ವರ ಬಂದಿದ್ದು ಯಾವತ್ತು, ಕಳಿಸಿದ್ದು, ರಿಪೋರ್ಟ್ ಬಂದಿದ್ದು. ತಾರೀಖು ನಾನೇ ತುಂಬಿದೆ. ನಾನು ಬಟ್ಟೆ ಎಳೆದ ಐದನೇ ದಿನಕ್ಕೆ ಅಜ್ಜನಿಗೆ ಜ್ವರ. ಮೂರರಿಂದ ಎಂಟು ದಿನ ಹಿಂದಕ್ಕೆ ಎಣಿಸಿದರೆ, ನಾನು ಆ ಬೆಟ್ಟದಲ್ಲಿ ಇದ್ದ ಹೊತ್ತಿಗೆ ಅವರಿಗೆ ಕಚ್ಚಿ ಆಗಿರಬೇಕು, ಇಲ್ಲ ಒಂದೆರಡು ದಿನದಲ್ಲಿ ಕಚ್ಚಿರಬೇಕು. ಆ ಲೆಕ್ಕ ನನಗೆ ಗೊತ್ತಿಲ್ಲದ್ದೇನಲ್ಲ. ಮೂರು ವರ್ಷದಿಂದ ಅದನ್ನೇ ಓದುತ್ತಿದ್ದೇನೆ. ಅಜ್ಜನಿಗೆ ಹಾಕಿ ನೋಡಿರಲಿಲ್ಲ, ಅಷ್ಟೇ. ತುಂಬ ಹೊತ್ತು ಇಬ್ಬರೂ ಸುಮ್ಮನೆ ಇದ್ದೆವು. ಹೊರಗೆ ಯಾರೋ ಮಾರ್ಕ್ಸ್ ಕಾರ್ಡ್‌ಗೆ ಜಗಳ ಆಡುತ್ತಿದ್ದರು. ಆಮೇಲೆ ಮೇಡಂ, "ಅವರ ಮನೆಗೆ ಹೋಗಿ ಬಂದ್ರಾ?" ಅಂತ ಕೇಳಿದರು. ಹೋಗಿರಲಿಲ್ಲ.

ಮುಂದಿನ ವಾರ ಹೋದೆ. ಅಜ್ಜಿ ಕಷಾಯ ಕೊಟ್ಟರು. ಕೈಚೀಲ ನೋಡಿ, "ಬಟ್ಟೆ ತಂದಿಲ್ವನೇ?" ಅಂದರು.

ಇನ್ನು ಬೈಯೋದು ಬಾಕಿ ಇದೆ. ಸೆಂಟರ್ ತೆರೆದಿರೋದು ಸೋಮವಾರ, ಬುಧವಾರ, ಶುಕ್ರವಾರ, ಬೆಳಿಗ್ಗೆ ಹನ್ನೊಂದರಿಂದ ನಾಲ್ಕು. ಮಧ್ಯೆ ಊಟದ ಬಿಡುವು. ನಾನು ನವೆಂಬರ್‌ನಿಂದ ಮೇವರೆಗೆ ಬೆಳಕು ಹರಿಯೋ ಮುಂಚೆ ಜೀಪಿನಲ್ಲಿರುತ್ತೇನೆ, ವಾಪಸ್ ಬರೋದು ಕತ್ತಲಾದ ಮೇಲೆ. ಉಣುಗಿಗೆ ಕಚೇರಿ ಸಮಯ ಗೊತ್ತಿಲ್ಲ. ಒಂಬತ್ತು ಭೇಟಿಗೆ ಆರು ದಿನದ ಫೀಲ್ಡ್ ಹೋಯಿತು, ಉಳಿದ ಮೂರು ಮಳೆಗಾಲದಲ್ಲಿ. ನನ್ನ ಥರ ಕಾಡಿನಲ್ಲಿ ಬಾವಲಿ ಹಿಡಿಯುವವರು, ಕಪ್ಪೆ ಎಣಿಸುವವರು, ಸತ್ತ ಮಂಗ ಕೊಯ್ದು ಸ್ಯಾಂಪಲ್ ತೆಗೆಯುವ ಪಶುವೈದ್ಯ ಹುಡುಗರು, ಪ್ರಾಣಿಗೃಹದಲ್ಲಿ ಇಲಿ ಕೊಲ್ಲಬೇಕಾದವರು ಎಷ್ಟೋ ಜನ. ತಿಂಗಳಿಗೆ ಎರಡು ಸಂಜೆ ತೆರೆದರೂ ಸಾಕು ಅಂತ ಅರ್ಜಿ ಕೊಟ್ಟಿದ್ದೇವೆ. ವಾಚ್‌ಮನ್ ಇಲ್ಲವಂತೆ.

ಎರಡನೆಯದು, ಇಡೀ ಕ್ಯಾಂಪಸ್‌ಗೆ ಒಬ್ಬರೇ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಹೇಳಿದೆ, 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕಡೇಪಕ್ಷ ಒಬ್ಬ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರು ಇರಬೇಕು ಅಂತ. ನಮ್ಮಲ್ಲಿ ಒಬ್ಬರು ಇದ್ದಾರೆ, ಲೆಕ್ಕ ಸರಿಯಾಯಿತು. ಕಡೇಪಕ್ಷ ಅನ್ನೋ ಪದವನ್ನು ನಮ್ಮವರು ಬಿಟ್ಟು ಓದಿದ್ದಾರೆ. ನನಗೆ ಮೊದಲ ಭೇಟಿಗೆ ಹದಿನೇಳು ದಿನ ಕಾಯಬೇಕಾಯಿತು. ಟೆಲಿ ಮಾನಸ್ ನಂಬರನ್ನು ಹಾಸ್ಟೆಲಿನಲ್ಲಿ ದೊಡ್ಡ ಅಕ್ಷರದಲ್ಲಿ, ಎದ್ದು ಕಾಣುವ ಹಾಗೆ ಹಾಕಬೇಕು ಅಂತಲೂ ಅದೇ ತೀರ್ಪಿನಲ್ಲಿದೆ. ನಮ್ಮ ಹಾಸ್ಟೆಲಿನಲ್ಲಿ ಹಾಕಿದ್ದಾರೆ. ಅದರ ಮೇಲೆ ಮೆಸ್ ಬಾಕಿದಾರರ ಪಟ್ಟಿ ಅಂಟಿಸಿದ್ದಾರೆ. 14 ಮಾತ್ರ ಕಾಣುತ್ತದೆ.

2018ರಲ್ಲಿ ನೇಚರ್ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಒಂದು ಸಮೀಕ್ಷೆ ಬಂದಿತ್ತು. 26 ದೇಶಗಳ 2,279 ವಿದ್ಯಾರ್ಥಿಗಳು, ಹೆಚ್ಚಿನವರು ಪಿಎಚ್‌ಡಿಯವರು. ನೂರಕ್ಕೆ 41 ಮಂದಿಗೆ ಮಧ್ಯಮದಿಂದ ತೀವ್ರ ಮಟ್ಟದ ಆತಂಕ, ಸಾಮಾನ್ಯ ಜನರಲ್ಲಿ 6. ಕಷ್ಟದಲ್ಲಿರೋರೇ ಇಂಥ ಫಾರಂ ಜಾಸ್ತಿ ತುಂಬುತ್ತಾರೆ, ಹಾಗಾಗಿ 41ನ್ನು ಹಾಗೇ ನುಂಗೋಕೆ ನಾನು ತಯಾರಿಲ್ಲ. ಅರ್ಧ ಮಾಡಿದರೂ ಒಬ್ಬ ಮೇಡಂ ಸಾಲದು.

ಮೂರನೆಯದು ಚಿಕ್ಕದು. ಭೇಟಿ ಮುಗಿದಮೇಲೆ ಹಾಜರಿ ಚೀಟಿ ಬೇಕು ಅಂದರೆ ಅದರ ಮೇಲೆ ಕೌನ್ಸೆಲಿಂಗ್ ಸೆಂಟರ್ ಸೀಲ್ ಇರುತ್ತದೆ. ಅದನ್ನು ವಿಭಾಗದ ಆಫೀಸಿಗೆ ಕೊಡಬೇಕು. ನಾನು ಕೊಡಲಿಲ್ಲ, ರಜೆ ಹಾಕಿದೆ.

ಹೋಗಬೇಕು ಅಂತಿರೋರಿಗೆ: ದುಡ್ಡು ಏನೂ ಇಲ್ಲ. ಒಂದು ಭೇಟಿ ಮುಕ್ಕಾಲು ಗಂಟೆ. ಮಾತ್ರೆ ಅಲ್ಲಿ ಕೊಡೋದಿಲ್ಲ, ಬೇಕು ಅನ್ನಿಸಿದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಪತ್ರ ಬರೆದುಕೊಡುತ್ತಾರೆ. ಜೀವವೇ ಬೇಡ ಅನ್ನುವಷ್ಟು ಆಗಿದ್ದರೆ ಹದಿನೇಳು ದಿನ ಕಾಯಬೇಡಿ, ಈಗಲೇ 14416ಕ್ಕೆ ಮಾಡಿ, ಇಲ್ಲ ಯಾರನ್ನಾದರೂ ಜೊತೆಗೆ ಕರೆದುಕೊಂಡು ಸೀದಾ ಆಸ್ಪತ್ರೆಗೆ ಹೋಗಿ. ಫೀಲ್ಡ್ ಕೆಲಸದವರು ಅಕ್ಟೋಬರ್‌ನಲ್ಲೇ ಹೆಸರು ಬರೆಸಿ. ಆಗ ಸಾಲು ಕಡಿಮೆ, ಪರೀಕ್ಷಾ ವಿಭಾಗದ ಎದುರೂ ಜನ ಇರೋದಿಲ್ಲ. ಶುಕ್ರವಾರ ಮಧ್ಯಾಹ್ನ ಮೂರರ ಹೊತ್ತಿಗೆ ಬೆಂಚು ಖಾಲಿ ಇರುತ್ತದೆ. "ಭೇಟಿಯ ಉದ್ದೇಶ"ದಲ್ಲಿ ನಾನು "ಉಣುಗು" ಅಂತ ಬರೆಯುತ್ತೇನೆ, ಇದುವರೆಗೆ ಯಾರೂ ಏನೂ ಕೇಳಿಲ್ಲ. ಪೆನ್ನು ನಿಮ್ಮದೇ ತಗೊಂಡು ಹೋಗಿ.